ನನ್ನ ಮಾತು ಕೇಳದ ಒಂದೇ ಒಂದು ಕಂಪ್ಯೂಟರ್

ಕಂಪ್ಯೂಟರ್ ನೋಡಿಕೊಳ್ಳುವ ಕೆಲಸದಲ್ಲಿ ಎಲ್ಲವನ್ನೂ ಕ್ರಮವಾಗಿ ಮಾಡುವವನಿಗೇ ಇಂಥವು ಹೆಚ್ಚಾಗಿ ಆಗುತ್ತವೆ. ಅಡ್ಡಾದಿಡ್ಡಿ ಮಾಡುವವನ ತಪ್ಪು ಒಂದು ಮೇಜಿನ ಮೇಲೆ ಮುಗಿಯುತ್ತದೆ. ನನ್ನ ತಪ್ಪು ಕ್ರಮವಾಗಿ ನಾಲ್ಕು ಊರು ತಲುಪುತ್ತಿತ್ತು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಬಿ.ಎಸ್ಸಿ. ಮುಗಿಸಿ ಹಾಸನದ ಒಂದು ಖಾಸಗಿ ಶಿಕ್ಷಣ ಸಂಸ್ಥೆಯಲ್ಲಿ ಸಿಸ್ಟಂ ಅಡ್ಮಿನಿಸ್ಟ್ರೇಟರ್ ಆಗಿ ಸೇರಿದ್ದೆ. ಹೆಸರು ದೊಡ್ಡದು, ಹುದ್ದೆ ತಾತ್ಕಾಲಿಕ. ಸಂಸ್ಥೆಗೆ ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರದಲ್ಲೂ ಕಚೇರಿಗಳಿದ್ದವು. ಅಲ್ಲಿನ ಕಂಪ್ಯೂಟರ್‌ಗಳೆಲ್ಲ ಟೆಲಿಫೋನ್ ಲೈನಿನ ಮೂಲಕ ಹಾಸನದ ಸರ್ವರಿಗೆ ಸೇರಿದ್ದವು. ಸೇರಿದ್ದವೇ ಹೊರತು ಯಾವುದೂ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಕಾರ್ಯದರ್ಶಿಗಳು ಕರೆದು ಹೇಳಿದರು: "ಇಲ್ಲೇ ಕೂತು ನಾಲ್ಕೂರಿನ ಕಂಪ್ಯೂಟರನ್ನೂ ಹದ್ದುಬಸ್ತಿಗೆ ತಂದು ನನ್ನ ಕಣ್ಣೆದುರಿಗೆ ತೋರಿಸು. ಅವತ್ತೇ ಕಾಯಂ ಮಾಡ್ತೀನಿ. ಆಗ್ಲಿಲ್ಲ ಅಂದ್ರೆ ಬೇರೆ ಕಡೆ ನೋಡ್ಕೊಳ್ಳಪ್ಪ."

ನಾನು "ಆಗಲಿ ಸಾರ್" ಎಂದೆ. ಅದಕ್ಕಿಂತ ಹೆಚ್ಚು ಮಾತಾಡುವ ಅಭ್ಯಾಸ ನನಗಿಲ್ಲ.

ಬಾರದ ನಿಯಮಕ್ಕೆ ಹೆದರಿದ ಅರಕಲಗೂಡು

ಇದಕ್ಕೊಂದು ದಾರಿ ಇತ್ತು. ಪಾಲಿಸಿ ಟೆಂಪ್ಲೇಟ್ ಎಂಬ ಸಣ್ಣ ಕಡತ. ಒಂದೊಂದು ತಂತ್ರಾಂಶಕ್ಕೆ ಒಂದೊಂದು. ಅದನ್ನು ಸರ್ವರಿಗೆ ಸೇರಿಸಿದರೆ ಆ ತಂತ್ರಾಂಶದ ನಿಯಮಗಳೆಲ್ಲ ನಮ್ಮ ಪರದೆಯ ಮೇಲೆ ಸಾಲಾಗಿ ನಿಲ್ಲುತ್ತವೆ. ಬೇಕಾದದ್ದಕ್ಕೆ ಟಿಕ್ ಹಾಕಿದರೆ ಎಲ್ಲ ಊರಿನ ಕಂಪ್ಯೂಟರ್‌ಗಳೂ ಪಾಲಿಸುತ್ತವೆ.

ಮೊದಲ ಟೆಂಪ್ಲೇಟನ್ನು ಭಕ್ತಿಯಿಂದ ಸೇರಿಸಿ ಮೂರೂ ಊರಿಗೆ ಫೋನ್ ಮಾಡಿದೆ. "ಇವತ್ತಿಂದ ನಿಯಮ ಬಂದಿದೆ. ಇಸ್ಪೀಟಾಟ ಇಲ್ಲ. ಎಲ್ಲ ಹಾಸನದಿಂದಲೇ ಕಂಟ್ರೋಲು."

ವಾರ ಕಳೆದ ಮೇಲೆ ಅರಕಲಗೂಡಿನ ಮ್ಯಾನೇಜರು ಫೋನಿನಲ್ಲಿ ಹೊಗಳಿದ್ದೇ ಹೊಗಳಿದ್ದು. "ಏನ್ ಕೆಲ್ಸ ಮಾಡಿದ್ರಿ ಸಾರ್! ನಮ್ಮ ಟೈಪಿಸ್ಟು ಈಗ ಬರೀ ಟೈಪೇ ಮಾಡ್ತಾಳೆ. ಆಟ ತೆಗೆಯೋಕೇ ಆಗ್ತಿಲ್ವಂತೆ. ಕಂಪ್ಯೂಟ್ರೂ ಫಾಸ್ಟಾಗಿದೆ."

ನಾನು ಉಬ್ಬಿದೆ. ಆ ಯಶಸ್ಸನ್ನು ಇನ್ನೊಮ್ಮೆ ಕಣ್ತುಂಬ ನೋಡೋಣ ಎಂದು ಸರ್ವರ್ ತೆರೆದೆ. ಟೆಂಪ್ಲೇಟ್ ಸೇರಿತ್ತು, ನಿಯಮಗಳು ಸಾಲಾಗಿ ನಿಂತಿದ್ದವು. ಟಿಕ್ ಮಾತ್ರ ಒಂದಕ್ಕೂ ಹಾಕಿರಲಿಲ್ಲ.

ಕೂಡಲೇ ಹಾಕಿದೆ. ಮಾರನೆಯ ದಿನ ಅದೇ ಮ್ಯಾನೇಜರ ಫೋನ್. "ಸಾರ್, ಹಳೇ ನಿಯಮಾನೇ ಚೆನ್ನಾಗಿತ್ತು. ಇವತ್ತಿಂದ ಪ್ರಿಂಟೇ ಬರ್ತಿಲ್ಲ."

ಚನ್ನರಾಯಪಟ್ಟಣದ ದೇವರು

ಕಂಪ್ಯೂಟರ್ ಪರದೆಯ ಹಿನ್ನೆಲೆಯಲ್ಲಿ ಒಬ್ಬೊಬ್ಬರದು ಒಂದೊಂದು ಚಿತ್ರ. ಎಲ್ಲ ಕಡೆ ಸಂಸ್ಥೆಯ ದೀಪದ ಲಾಂಛನವೇ ಇರಲಿ ಎಂದು ನನ್ನ ಬುದ್ಧಿಗೆ ಹೊಳೆಯಿತು. ಅದಕ್ಕೆ ಸಿದ್ಧ ಟೆಂಪ್ಲೇಟ್ ಇತ್ತು. ಅದು ಸಾಲದು ಎಂದು ನಾನೇ ಒಂದನ್ನು ಬರೆದು ಸೇರಿಸಿದೆ. ಈ ಸಲ ಟಿಕ್ ಮರೆಯಲಿಲ್ಲ.

ಬೆಳಿಗ್ಗೆ ಚನ್ನರಾಯಪಟ್ಟಣದ ಕ್ಯಾಷಿಯರ್ ಫೋನಿನಲ್ಲಿ ಗುಡುಗಿದ. ಅವನದು ಬಸ್ ಸ್ಟ್ಯಾಂಡಿನ ಈ ಬದಿಯಿಂದ ಆ ಬದಿಗೆ ಕೇಳುವ ಗಂಟಲು.

"ಸಾ, ನಮ್ ದ್ಯಾವ್ರು ಎಲ್ಲೋದ್ರು?"

"ಯಾವ ದೇವರು?"

"ಕಂಪ್ಯೂಟ್ರಲ್ಲಿದ್ದೋರು ಕಣ್ ಸಾ! ದಿನಾ ಕೈ ಮುಗ್ದು ಕ್ಯಾಷ್ ತೆಗಿತಿದ್ದೆ. ಇವತ್ತು ಅದ್ಯಾವ್ದೋ ದೀಪದ್ ಚಿತ್ರ ಕೂತ್ಬುಟ್ಟೈತೆ. ನಾನ್ ಎಂಗ್ ಸಾ ಕೌಂಟ್ರು ತೆಗೀಲಿ?"

ಅಲ್ಲಿ ಕೌಂಟರಿನ ಹೊರಗೆ ಫೀಸು ಕಟ್ಟುವವರ ಸಾಲು ನಿಂತಿತ್ತಂತೆ. ನಾನು ಗಾಬರಿಯಿಂದ ಟಿಕ್ ತೆಗೆದೆ. ದೀಪ ಅಲ್ಲಾಡಲಿಲ್ಲ. ಟೆಂಪ್ಲೇಟನ್ನೇ ಕಿತ್ತು ಹಾಕಿದೆ. ದೀಪ ಹಾಗೇ ಇತ್ತು. ನಾನು ಬರೆದಿದ್ದು ಹಚ್ಚೆಯ ಜಾತಿಯ ಟೆಂಪ್ಲೇಟ್ ಎಂದು ಆಮೇಲೆ ಓದಿ ತಿಳಿದುಕೊಂಡೆ. ಒಮ್ಮೆ ಚುಚ್ಚಿದರೆ ಹಿಂದೆ ತೆಗೆದುಕೊಂಡರೂ ಹೋಗುವುದಿಲ್ಲ. ಅಲ್ಲಿಗೇ ಹೋಗಿ ಕೈಯಿಂದ ಅಳಿಸಬೇಕು.

ಒಂದೆರಡು ವಾರದ ಮೇಲೆ ಹೋಗಲು ಸಾಧ್ಯವಾಯಿತು. ನೋಡಿದರೆ ಮಾನಿಟರಿನ ಗಾಜಿನ ಮೇಲೆ, ಸಂಸ್ಥೆಯ ದೀಪದ ತಲೆಗೆ ಸರಿಯಾಗಿ, ಕುಂಕುಮ. ಮೇಲೊಂದು ಸೇವಂತಿಗೆ.

"ಅಳಿಸಿ ನಿಮ್ಮ ದೇವರನ್ನ ವಾಪಸ್ ಹಾಕ್ತೀನಿ" ಎಂದೆ.

ಕ್ಯಾಷಿಯರ್ ಮೌಸಿನ ಮೇಲೆ ಕೈಯಿಟ್ಟು ತಡೆದ. "ಮುಟ್ಬ್ಯಾಡಿ ಸಾ. ಇದು ಬಂದ್ಮ್ಯಾಕೆ ಕ್ಯಾಷ್ ಒಂದಿನಾನೂ ತಪ್ಪಿಲ್ಲ. ಬೇಕಾರೆ ನಮ್ಮನೆ ಕಂಪ್ಯೂಟ್ರಿಗೂ ಇದ್ನೇ ಹಾಕ್ಕೊಡಿ."

ಹೊಳೆನರಸೀಪುರದ ಕೇಬಲ್

ಅರಕಲಗೂಡು, ಚನ್ನರಾಯಪಟ್ಟಣ ದಾರಿಗೆ ಬಂದವು. ಹೊಳೆನರಸೀಪುರ ಬರಲಿಲ್ಲ. ನಾನು ಕಳಿಸಿದ ನಿಯಮ ಅಲ್ಲಿಗೆ ಎಷ್ಟೋ ದಿನ ಹೊತ್ತಿಗೆ ಸರಿಯಾಗಿ ತಲುಪುತ್ತಿರಲಿಲ್ಲ. ಲೈನ್ ಪರೀಕ್ಷಿಸಿದೆ. ಮೋಡೆಮ್ ಬದಲಾಯಿಸಿದೆ. ಕಡೆಗೆ ಬಸ್ ಹತ್ತಿ ಹೋದೆ.

ಅಲ್ಲಿನ ಹಿರಿಯ ಗುಮಾಸ್ತರು ದೇವಸ್ಥಾನದ ಬೀದಿಯವರು. ಹಣೆಯಲ್ಲಿ ನಾಮ, ಮೇಜಿನ ಮೇಲೆ ಪಂಚಾಂಗ. ನಾನು ನೋಡುತ್ತಿದ್ದಂತೆ ಗಡಿಯಾರದ ಕಡೆ ತಿರುಗಿದರು, ಬಗ್ಗಿದರು, ಕಂಪ್ಯೂಟರಿನ ಹಿಂದಿನಿಂದ ನೆಟ್‌ವರ್ಕ್ ಕೇಬಲ್ ಕಿತ್ತು ಪಕ್ಕಕ್ಕಿಟ್ಟರು.

"ಯಾಕೆ ಕಿತ್ರಿ?"

"ರಾಹುಕಾಲ ಅಲ್ವೇನಪ್ಪ. ಇದ್ದ ಕೆಲಸ ಮಾಡಬಹುದು. ಹೊಸದು ಏನೂ ಒಳಗೆ ಬರಬಾರದು."

"ದಿನಾ ಕೀಳ್ತೀರಾ?"

"ದಿನಾ ರಾಹುಕಾಲ ಇರತ್ತಲ್ಲ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ಶನಿವಾರ ಒಂಬತ್ತರಿಂದ ಹತ್ತೂವರೆ. ಬರ್ಕೊಳ್ತೀಯಾ?"

"ಬೇಡ. ನಾನು ಸೈನ್ಸ್ ಓದಿದವನು" ಎಂದೆ.

"ಪಾಪ" ಎಂದರು. ಅವರ ದನಿಯಲ್ಲಿ ನಿಜವಾದ ಕನಿಕರವಿತ್ತು.

ವಾದ ಮಾಡಿ ಸೋತೆ. ಆ ಕಂಪ್ಯೂಟರನ್ನು ಸರಿಮಾಡಲು ಹೇಗೂ ನಾನೇ ಬರಬೇಕಾಗುತ್ತದೆ ಎಂದು ಸರ್ವರಿನ ಪಾಲಿಸಿಗಳನ್ನು ದೂರದಿಂದಲೇ ನಡೆಸುವ ಉಪಕರಣದ, ಅಂದರೆ ಒಂದು ತಂತ್ರಾಂಶದ, ಪ್ರತಿಯನ್ನು ಅದರಲ್ಲೂ ಹಾಕಿಟ್ಟೆ. ಹಾಸನಕ್ಕೆ ಬಂದು ಕಾರ್ಯದರ್ಶಿಗಳಿಗೆ ಬರೆದ ವರದಿಯಲ್ಲಿ 'ಹೊಳೆನರಸೀಪುರದಲ್ಲಿ ಗ್ರಹದೋಷದಿಂದ ಸಂಪರ್ಕ ಕಡಿತ' ಎಂದು ವ್ಯಂಗ್ಯವಾಡಿದೆ. ಅವರು ಕೆಂಪು ಶಾಯಿಯಲ್ಲಿ 'ಶಾಂತಿ ಮಾಡಿಸಿ' ಎಂದು ಬರೆದು ವಾಪಸ್ ಕಳಿಸಿದರು.

ನಾನೇ ಆ ಅಡ್ಮಿನಿಸ್ಟ್ರೇಟರ್

ಪ್ರಾತ್ಯಕ್ಷಿಕೆಯ ದಿನ ಬಂತು. ಸಮಯ ಗೊತ್ತುಮಾಡುವಾಗ ಕಾರ್ಯದರ್ಶಿಗಳು ಕೇಳಿದ್ದರು: "ಶುಕ್ರವಾರ ಹತ್ತೂವರೆಗೆ ಅಂತೀಯಲ್ಲಪ್ಪ, ಪರವಾಗಿಲ್ವಾ?"

"ನಾನು ಅದನ್ನೆಲ್ಲ ನಂಬಲ್ಲ ಸಾರ್." ಬೇಕೆಂದೇ ಆ ಹೊತ್ತು ಇಟ್ಟಿದ್ದೆ.

ಅವರು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ನಾನು ಹೊಸ ಟೆಂಪ್ಲೇಟ್ ಸೇರಿಸಿದೆ. ಎಲ್ಲಕ್ಕಿಂತ ಗಟ್ಟಿಯಾದ ನಿಯಮವನ್ನು ಆರಿಸಿದೆ: ಸಂಸ್ಥೆ ಒಪ್ಪಿದ ತಂತ್ರಾಂಶ ಬಿಟ್ಟು ಯಾವ ಕಂಪ್ಯೂಟರಿನಲ್ಲೂ ಬೇರೇನೂ ತೆರೆಯಬಾರದು. ಟೈಪಿಂಗ್, ಲೆಕ್ಕಪತ್ರ, ಪ್ರಿಂಟ್, ಒಂದೊಂದಾಗಿ ಒಪ್ಪಿಗೆ ಕೊಟ್ಟೆ. ಟಿಕ್ ಹಾಕಿದೆ. ಕೂಡಲೇ ಜಾರಿಯಾಗಲೆಂದು ಸರ್ವರಿಗೆ ಆಜ್ಞೆಯನ್ನೂ ಕೊಟ್ಟೆ.

ಅರಕಲಗೂಡಿಗೆ ಫೋನ್ ಮಾಡಿಸಿದೆ. ಆಟ ತೆರೆಯಲಿಲ್ಲ. ಚನ್ನರಾಯಪಟ್ಟಣದಲ್ಲೂ ಇಲ್ಲ. ಹೊಳೆನರಸೀಪುರಕ್ಕೆ ಫೋನ್ ಮಾಡಿಸುವ ಮೊದಲೇ ಕಾರ್ಯದರ್ಶಿಗಳ ಮುಖ ಅರಳಿತು.

"ಭೇಷ್! ಈಗ ಒಂದು ಊರಿಗೆ ಆ ನಿಯಮ ಸಡಿಲ ಮಾಡಿ ತೋರಿಸು."

ಪಾಲಿಸಿ ನಡೆಸುವ ಉಪಕರಣವನ್ನು ಮುಚ್ಚಿದ್ದೆ. ಮತ್ತೆ ತೆರೆಯಲು ಒತ್ತಿದೆ. ಪರದೆಯ ಮೇಲೆ ಒಂದು ಪೆಟ್ಟಿಗೆ ಬಂತು. ಕಾರ್ಯದರ್ಶಿಗಳು ಕನ್ನಡಕ ಏರಿಸಿ ಅದರ ಅರ್ಥವನ್ನು ಗಟ್ಟಿಯಾಗಿ ಹೇಳಿದರು. "ಇದಕ್ಕೆ ಅನುಮತಿ ಇಲ್ಲ. ಸಿಸ್ಟಂ ಅಡ್ಮಿನಿಸ್ಟ್ರೇಟರನ್ನು ಕಾಣಿ ಅಂತಿದೆ. ಯಾರಪ್ಪ ಅದು?"

"ನಾನೇ ಸಾರ್."

"ಹಾಗಾದ್ರೆ ಕಂಡುಬಿಡು."

ಒಪ್ಪಿದ ತಂತ್ರಾಂಶಗಳಲ್ಲಿ ನನ್ನ ಉಪಕರಣ ಒಂದನ್ನು ಸೇರಿಸಿರಲಿಲ್ಲ. ಸರ್ವರನ್ನೂ ನಿಯಮದಿಂದ ಹೊರಗಿಟ್ಟಿರಲಿಲ್ಲ. ಬೀಗದ ಕೈ ಒಳಗೇ ಬಿಟ್ಟು ಬಾಗಿಲು ಹಾಕಿದ್ದೆ. ಪಕ್ಕದ ಕಂಪ್ಯೂಟರ್ ನೋಡಿದೆ. ಅದೂ ನನ್ನನ್ನೇ ಕಾಣಲು ಹೇಳಿತು. ಆ ಮಟ್ಟಿಗೆ ನನ್ನ ಮಾತನ್ನು ಎಲ್ಲವೂ ಕೇಳುತ್ತಿದ್ದವು.

ಎಲ್ಲವೂ ಅಲ್ಲ. ಗಡಿಯಾರ ನೋಡಿದೆ. ಹನ್ನೊಂದಾಗುತ್ತ ಬಂದಿತ್ತು. ಇವತ್ತು ಶುಕ್ರವಾರ. ಹೊಳೆನರಸೀಪುರದ ಕೇಬಲ್ ಕಿತ್ತಿರುತ್ತದೆ! ನಿಯಮ ತಲುಪದ ಕಂಪ್ಯೂಟರ್ ಜಿಲ್ಲೆಯಲ್ಲಿ ಅದೊಂದೇ. ಅದರಲ್ಲಿ ನನ್ನ ಉಪಕರಣವೂ ಇದೆ. ಆದರೆ ಹನ್ನೆರಡಕ್ಕೆ ಗುಮಾಸ್ತರು ಕೇಬಲ್ ಹಾಕಿಬಿಡುತ್ತಾರೆ.

ಫೋನ್ ಮಾಡಿದೆ. "ದಯವಿಟ್ಟು ನಾನು ಬರೋವರೆಗೂ ಕೇಬಲ್ ಹಾಕಬೇಡಿ."

"ಅದು ಹೇಗಪ್ಪ ಆಗತ್ತೆ? ಹನ್ನೆರಡಕ್ಕೆ ಮುಗಿಯತ್ತೆ. ಫೀಸಿನ ಲೆಕ್ಕ ಕಳಿಸಬೇಕು."

"ಇವತ್ತೊಂದಿನ ರಾಹುಕಾಲಾನ ಸ್ವಲ್ಪ ಮುಂದುವರಿಸಿ."

"ನೀನು ಸೈನ್ಸ್ ಓದಿದವನಲ್ವಾ?"

ಕಾರ್ಯದರ್ಶಿಗಳು ತಮ್ಮ ಕಾರಿನ ಬಾಗಿಲು ತೆರೆದರು. "ಕಾರು ಹತ್ತು. ನಾನೂ ಬರ್ತೀನಿ. ಇದನ್ನ ನೋಡಲೇಬೇಕು." ದಾರಿಯುದ್ದಕ್ಕೂ ಅವರು ಒಂದು ಮಾತೂ ಆಡಲಿಲ್ಲ. ನನ್ನ ಕೆಲಸ ಹೋಯಿತು ಎಂದೇ ನಾನು ತಿಳಿದೆ. ರೈಲ್ವೆ ಗೇಟ್ ಬೇರೆ ಹಾಕಿತ್ತು.

ನಾವು ಒಳಗೆ ನುಗ್ಗಿದಾಗ ಗುಮಾಸ್ತರು ಕೈಯಲ್ಲಿ ಕೇಬಲ್ ಹಿಡಿದು ಗಡಿಯಾರ ನೋಡುತ್ತ ನಿಂತಿದ್ದರು. ನಾನು ಕುರ್ಚಿಯಲ್ಲಿ ಕೂತು ಉಪಕರಣ ತೆರೆದೆ. ತೆರೆಯಿತು! ಕೇಬಲ್ ಹಾಕಿದ ಮೇಲೆ ಹೊಸ ನಿಯಮ ಕೇಳಿಕೊಳ್ಳಲು ಕಂಪ್ಯೂಟರಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಷ್ಟರೊಳಗೆ ಮುಗಿಸಬೇಕು.

"ಈಗ ಕೇಬಲ್ ಹಾಕಿ ಸಾರ್!"

"ಇನ್ನೂ ಎರಡು ನಿಮಿಷ ಇದೆ."

ಆ ಎರಡು ನಿಮಿಷ ನಾವು ಮೂವರೂ ಗಡಿಯಾರದ ಮುಂದೆ ಸಾಲಾಗಿ ನಿಂತೆವು. ಹನ್ನೆರಡಾಯಿತು. ಅವರು ಕೇಬಲ್ ಹಾಕಿದರು. ಲೈನ್ ಕುಂಟುತ್ತ ಬಂತು. ನಾನು ಟಿಕ್ ತೆಗೆದೆ. ಸ್ವಲ್ಪ ಹೊತ್ತಿಗೆ ಹಾಸನದಿಂದ ಫೋನ್: ಎಲ್ಲ ತೆರೆಯುತ್ತಿದೆ.

ಕಾರ್ಯದರ್ಶಿಗಳು ಈಗ ಬಾಯಿಬಿಟ್ಟರು. ನಗು ತಡೆದುಕೊಂಡಿದ್ದರಂತೆ. "ತಾನು ಮಾಡಿದ ನಿಯಮಕ್ಕೆ ತಾನೇ ಮೊದಲು ಸಿಕ್ಕಿಹಾಕಿಕೊಳ್ಳೋ ಅಧಿಕಾರೀನ ನಾನು ನೋಡಿರಲಿಲ್ಲ. ಕಾಯಂ ಮಾಡ್ತೀನಿ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬಂದು ಆರ್ಡರ್ ತಗೊಂಡು ಹೋಗು."

ನಾಳೆ ಶನಿವಾರ. ನಾನು ಗುಮಾಸ್ತರ ಮುಖ ನೋಡಿದೆ. ಅವರು ಪಂಚಾಂಗದ ಹಿಂದೆ ಮುಖ ಮರೆಸಿಕೊಂಡರು.

"ಹತ್ತೂವರೆ ಆದ್ಮೇಲೆ ಬರ್ತೀನಿ ಸಾರ್" ಎಂದೆ.