ಬದುಕಿರುವ ಗಂಡನಿಗೆ ಬಂದ ಹೂಚಕ್ರ

ಹಾಲಿವುಡ್ಡಿನ ಗೋಲ್ಡನ್ ಪಾಮ್ ಚಿತ್ರಸಂಸ್ಥೆಗೆ ನಟರನ್ನು ಆರಿಸಿಕೊಡುವ ಘನತೆವೆತ್ತ ಲೆಸ್ಟರ್ ವಾಸ್ ಅವರ ಸನ್ನಿಧಿಗೆ, ನಟ ಆಂಬ್ರೋಸ್ ಕ್ರಂಪ್ ಅವರ ಹೆಂಡತಿ ಹೆಟ್ಟಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕಳಿಸಿದ, ಗೋರಿಯ ಮೇಲಿಡುವ ಬಿಳಿ ಲಿಲಿಯ ಹೂಚಕ್ರ ತಲುಪಿತು. ಸಹಿ ಹಾಕಿ ತೆಗೆದುಕೊಂಡವರು ಸ್ವತಃ ಸತ್ತವರೇ. "ಹೆಟ್ಟೀ, ಪಾಪ ಯಾರೋ ಹೋಗ್ಬಿಟ್ಟಿದಾರೆ ಕಣೇ," ಎಂದು ಮರುಗಿ, ಆಮೇಲೆ ಚೀಟಿಯಲ್ಲಿ ಸ್ವಂತ ಹೆಸರು ಓದಿದರು.

ಕಾನ್ಸಾಸಿನ ಹಳ್ಳಿ ಶಾಲೆಯಲ್ಲಿ ನಾಲ್ಕನೆಯ ತರಗತಿಗೇ ನಿಂತ ನನಗೆ ತಮ್ಮ ತಪ್ಪು ಹಿಡಿಯುವ ಯೋಗ್ಯತೆಯಿಲ್ಲ. ತಪ್ಪು ನಮ್ಮ ಯಜಮಾನರದ್ದೇ. ಮೂವತ್ತು ವರ್ಷ ತಮ್ಮ ಚಿತ್ರಗಳಲ್ಲಿ ನ್ಯಾಯಾಧೀಶ, ಬಟ್ಲರ್, ಪಾದ್ರಿ, ಮೊದಲ ಗುಂಡಿಗೇ ಉರುಳುವ ಬ್ಯಾಂಕ್ ಗುಮಾಸ್ತ, ಎಲ್ಲವೂ ಆದರು. ಒಂದರಲ್ಲೂ ಅವರಿಗೊಂದು ಹೆಸರಿರಲಿಲ್ಲ. ಕಳೆದ ಕೌಬಾಯ್ ಚಿತ್ರದಲ್ಲಿ ಸತ್ತಾಗ ಗೋರಿಯ ಹಲಗೆಗೆ ಹೆಸರು ಬೇಕಾಯಿತು, ಕಥೆಯಲ್ಲಿ ಇರಲಿಲ್ಲ, ಹಲಗೆಗೆ ಬಣ್ಣ ಬಳಿಯುವವನು ಇವರ ಸ್ವಂತ ಹೆಸರನ್ನೇ ಬರೆದ. ಪರದೆಯ ಮೇಲೆ ಕೊನೆಗೂ ಹೆಸರು ಬಂತೆಂದು ಯಜಮಾನರು ಮೊಮ್ಮಕ್ಕಳಿಗೆಲ್ಲ ಐಸ್‌ಕ್ರೀಮ್ ಕೊಡಿಸಿದರು. ತಾವು ಆ ಹಲಗೆಯ ಫೋಟೋ ನೋಡಿ, ನಿಜಕ್ಕೂ ಸತ್ತರೆಂದು ನಂಬಿ, ಕಣ್ಣೊರೆಸಿಕೊಂಡು, ಇವರನ್ನು ಕೆಲಸಕ್ಕೆ ಕರೆಯುವುದನ್ನೇ ನಿಲ್ಲಿಸಿದಿರಿ.

ಬದುಕಿದ್ದೇನೆಂದು ತಿಳಿಸಲು ಬಂದ ಯಜಮಾನರನ್ನು ತಮ್ಮ ಗೇಟಿನವನು, "ಕ್ರಂಪ್ ಅವರ ತಮ್ಮನಾ ನೀವು? ಅಯ್ಯೋ, ಅದೇ ಮೂಗು ಕಣ್ರೀ!" ಎಂದು ಅಪ್ಪಿಕೊಂಡು ಅತ್ತು ಒಳಗೆ ಬಿಟ್ಟ. ತಮ್ಮ ಸಹಾಯಕರು ಬಟ್ಲರನ ಮಾತೊಂದನ್ನು ಹೇಳಿಸಿ ನೋಡಿ, "ಬೇಜಾರು ಮಾಡ್ಕೋಬೇಡಿ ತಾತ, ನಿಮ್ಮಣ್ಣನ ಹತ್ತಿರಕ್ಕೂ ಬರಲ್ಲ ನೀವು," ಎಂದು ಸಾಗಹಾಕಿದರು. ಅಂದಿನಿಂದ ಇವರು ಕ್ಷೌರ ಮಾಡಿಕೊಂಡು, ಬೂಟು ತೊಟ್ಟು, ಫೋನಿನ ಪಕ್ಕ ಕೂತಿದ್ದಾರೆ, ಊಟ ಸೇರುತ್ತಿಲ್ಲ. ಹೀಗೇ ಆದರೆ ನಿಜವಾಗಿಯೂ ಹೋಗಿಬಿಟ್ಟಾರು, ತಮಗೆ ಎರಡನೆಯ ಹೂಚಕ್ರದ ತೊಂದರೆ.

ಆದ್ದರಿಂದ ಯೇಸುಸ್ವಾಮಿ ಸತ್ತ ಲಾಜರನನ್ನು ಗೋರಿಯಿಂದ ಎಬ್ಬಿಸಿದಂತೆ ತಾವೂ ಇವರನ್ನು ಎಬ್ಬಿಸಬೇಕೆಂದು ಪ್ರಾರ್ಥನೆ. ತಮ್ಮ ಕೆಲಸ ಸುಲಭ, ಇವರು ಎದ್ದೇ ಇದ್ದಾರೆ. ಅದೂ ಆಗದಿದ್ದರೆ, ಇವರ ಶವಸಂಸ್ಕಾರಕ್ಕೆ ಪಾದ್ರಿಯಾಗಿ ಇವರನ್ನೇ ಕರೆಸಿ, ಅನುಭವವಿದೆ.

ತಮ್ಮ ವಿಶ್ವಾಸಿ,
ಹೆಟ್ಟಿ ಕ್ರಂಪ್
(ತಮ್ಮ ಕಚೇರಿಯ ಪ್ರಕಾರ ವಿಧವೆ)

ಇನ್ನೊಂದು ಮಾತು: ಇಷ್ಟು ಬರೆಯುವಷ್ಟರಲ್ಲಿ ಫೋನ್ ಬಂತು. ಯಜಮಾನರು ಎದ್ದು ನಿಂತರು, ಎತ್ತಿದ್ದು ನಾನು. ತಮ್ಮ ಉಡುಪಿನ ವಿಭಾಗದ ಹುಡುಗಿ. "ಅಮ್ಮಾ, ಹೋದವರ ಬಟ್ಲರ್ ಕೋಟು ಕೊಡ್ತೀರಾ? ಅವರ ಜಾಗಕ್ಕೆ ಬಂದವರ ಹತ್ರ ಸ್ವಂತದ್ದಿಲ್ವಂತೆ." ಸಣ್ಣ ನಟರು ಕೋಟನ್ನು ಮನೆಯಿಂದಲೇ ತರಬೇಕೆಂಬ ತಮ್ಮ ಪದ್ಧತಿ ಚಿರಾಯುವಾಗಲಿ. ಕೋಟು ಸೋಮವಾರ ಬೆಳಿಗ್ಗೆ ಗೇಟಿಗೆ ಬರುತ್ತದೆ. ಕೋಟಿನೊಳಗೊಬ್ಬರು ಇರುತ್ತಾರೆ. ಗುಂಡಿಗಳನ್ನು ನಾನೇ ಹಾಕಿ ಕಳಿಸುತ್ತಿದ್ದೇನೆ. ಬಿಚ್ಚುವ ಧೈರ್ಯವಿದ್ದವರು ಮೊದಲು ನನ್ನ ಹತ್ತಿರ ಬರಲಿ.