ಕ್ಯಾಮೆರಾ ಕಂಡರೆ ಕಲ್ಲಾಗುವ ಬೀದಿ

ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಬೀದಿಗಿಳಿದವನು ಮರ್ಯಾದೆಯಿಂದ ಮನೆಗೆ ಮರಳುವುದು ಅಪರೂಪ. ಅರವತ್ತರ ದಶಕದಲ್ಲಿ ರೈಲ್ವೆ ನೌಕರಿ ನನ್ನನ್ನು ಧಾರವಾಡದಿಂದ ಅಹಮದಾಬಾದಿಗೆ ಎತ್ತಿ ಹಾಕಿತ್ತು. ವಡೋದರದ ಚಿತ್ರಕಲಾ ಮಾಸ್ತರರೊಬ್ಬರ ಪರಿಚಯವಾಯಿತು. ಅವರು ತೆಗೆದ ಫೋಟೋಗಳನ್ನು ನೋಡಿ ಬೆರಗಾದೆ: ಎಮ್ಮೆ ದಾಟಲೆಂದು ಕುದುರೆಯ ಮೇಲೆ ಕಾದು ಕೂತ ಮದುಮಗ, ಬಸ್ಸಿನ ಕಿಟಕಿಗಳಲ್ಲಿ ಒಟ್ಟಿಗೇ ಆಕಳಿಸುವ ಜನ. ಒಬ್ಬರೂ ಕ್ಯಾಮೆರಾ ನೋಡಿರಲಿಲ್ಲ!

“ಇಂಥದೊಂದು ತನ್ನಿ, ನನ್ನ ಪ್ರದರ್ಶನದಲ್ಲಿ ತೂಗುಹಾಕುತ್ತೇನೆ. ಪೋಸು ಕೊಟ್ಟದ್ದು ಬೇಡ” ಎಂದರು. ಅಲ್ಲಿಂದ ನನಗೆ ಅದೊಂದೇ ಹುಚ್ಚು.

ಅಜ್ಜಿಯ ಪಟ್ಟೆಸೀರೆ

ಅಹಮದಾಬಾದಿನ ಇಕ್ಕಟ್ಟು ಓಣಿಯ ಜಗಲಿಯಲ್ಲಿ ಅಜ್ಜಿಯೊಬ್ಬಳು ಅಕ್ಕಿ ಆರಿಸುತ್ತಿದ್ದಳು. ಗುಬ್ಬಿಗಳು ಮೊರದಿಂದಲೇ ಕದಿಯುತ್ತಿದ್ದವು. ಆಹಾ ಎಂದು ಕ್ಯಾಮೆರಾ ಎತ್ತಿದೆ. “ತಡಿಯಪ್ಪಾ” ಎಂದು ಒಳಹೋದಳು. ಪಟ್ಟೆಸೀರೆ ಉಟ್ಟು ಬರುವಷ್ಟರಲ್ಲಿ ಇಡೀ ಓಣಿ ಕುರ್ಚಿ ಹಾಕಿ, ಉಸಿರು ಬಿಗಿಹಿಡಿದು ಸಾಲಾಗಿ ಕೂತಿತ್ತು.

“ಸಹಜವಾಗಿರಿ, ನಿಮ್ಮ ನಿಮ್ಮ ಕೆಲಸ ಮಾಡಿ” ಎಂದೆ.

ಅಜ್ಜಿ ಗದರಿದಳು: “ಫೋಟೋದಲ್ಲೂ ಕೆಲಸ ಮಾಡಬೇಕೇನೋ?”

ಮಾಸ್ತರರ ಗುರು

ವಡೋದರದ ಪೇಟೆಯಲ್ಲಿ ಮಾಸ್ತರರ ಹಿಂದೆ ಅಲೆದೆ. ಮುಂಜಾನೆಯೆಲ್ಲ ಅವರು ಕ್ಯಾಮೆರಾ ಮುಟ್ಟಲಿಲ್ಲ. ಒಮ್ಮೆಗೇ ಎತ್ತಿದರು, ಕ್ಲಿಕ್ಕಿಸಿದರು, ಇಳಿಸಿದರು. ಏನಾಯಿತೆಂದು ನನಗೆ ತಿಳಿಯಲೇ ಇಲ್ಲ. ಕೈಮುಗಿಯಬೇಕೆನ್ನಿಸಿತು.

“ಇದನ್ನು ಯಾರ ಹತ್ತಿರ ಕಲಿತಿರಿ?” ಎಂದೆ.

ಕಿರಾಣಿ ಅಂಗಡಿಯ ಮೂಟೆಯ ಪಕ್ಕ ಹೊಂಚು ಹಾಕಿದ್ದ ಬೆಕ್ಕನ್ನು ತೋರಿಸಿದರು. “ಅದು ಇಲಿಗೆ ಎಂದಾದರೂ ‘ಸ್ವಲ್ಪ ನಗು’ ಅನ್ನುತ್ತದೆಯೇ?”

ಸೂರತ್ತಿನ ದಾರ

ಪ್ರದರ್ಶನ ಹತ್ತಿರ ಬಂತು. ನನ್ನ ಕೈ ಖಾಲಿ. ಹೆಂಡತಿಯೊಡನೆ ಸೂರತ್ತಿಗೆ ಹೋದೆ. ಗಾಳಿಪಟದ ಹಬ್ಬಕ್ಕೆ ಬೀದಿಯುದ್ದಕ್ಕೂ ಕಂಬದಿಂದ ಕಂಬಕ್ಕೆ ದಾರ ಎಳೆದು, ಎದುರಾಳಿಯ ಪಟ ಕತ್ತರಿಸಲೆಂದು ಗಾಜಿನ ಪುಡಿಯ ಗುಲಾಬಿ ಅಂಟು ಬಳಿಯುತ್ತಿದ್ದರು. ಎಂಥ ನೋಟ! ಎಲ್ಲವೂ ಒಂದೇ ಚಿತ್ರದಲ್ಲಿ ಬರಲೆಂದು ಹಿಂದೆ ಹಿಂದೆ ಸರಿದೆ. ನನ್ನ ಹಿಂದೆಯೂ ದಾರವಿತ್ತು.

ಹಸಿ ದಾರ ಮೈಕೈಗೆ ಸುತ್ತಿಕೊಂಡಿತು. ದಾರದವರು ಬಾಯಿ ಬಡಿದುಕೊಂಡರು. ಹೆಂಡತಿ ಓಡಿ ಬಂದಳು. “ಮೊದ್ಲು ಕ್ಯಾಮೆರಾ ಕೊಡ್ರಿ, ಅಂಟು ಹತ್ತೀತು!” ಎಂದು ಅದನ್ನು ಬಿಡಿಸಿಕೊಂಡು ದೂರ ಹೋದಳು. ನಾನು ಅರಚುತ್ತಲೇ ಇದ್ದೆ. ಕ್ಲಿಕ್ ಅಂತು.

ರೀಲನ್ನು ತೊಳೆಯಲು ಮಾಸ್ತರರಿಗೇ ಕೊಟ್ಟಿದ್ದೆ. ಪ್ರದರ್ಶನದ ಗೋಡೆಯ ನಟ್ಟನಡುವೆ ಅದೇ ಚಿತ್ರ! ಜೇಡರ ಬಲೆಯಲ್ಲಿ ಸಿಕ್ಕ ನೊಣದಂತೆ ನಾನು, ಸುತ್ತ ಕೈಯೆತ್ತಿ ಬೈಯುವ ಜನ. ನನ್ನ ಮಾನ ಹೋದರೂ ಕಣ್ಣು ಕೀಳಲಾಗಲಿಲ್ಲ, ಅಷ್ಟು ಚೆನ್ನಾಗಿತ್ತು.

“ಇದು ನಾನು ತೆಗೆದದ್ದಲ್ಲ” ಎಂದು ಮಾಸ್ತರರಿಗೆ ಹೇಳಿದೆ.

“ಗೊತ್ತು. ನೀವಾಗಿದ್ದರೆ ಎಲ್ಲರೂ ನೆಟ್ಟಗೆ ನಿಂತಿರುತ್ತಿದ್ದರು.”

ಅಷ್ಟರಲ್ಲಿ ಧಾರವಾಡದ ಕಡೆಯವರೊಬ್ಬರು, ತೆಗೆದದ್ದು ನನ್ನ ಹೆಂಡತಿಯೆಂದು ತಿಳಿದು, ಆಕೆಯನ್ನೇ ಕೇಳಿದರು: “ಇಂಥಾ ಫೋಟೋ ಹ್ಯಾಂಗ ತೆಗೀತೀರಿ, ಅಕ್ಕಾರ?”

ಆಕೆ ಸೆರಗು ಸರಿಪಡಿಸಿಕೊಂಡು ಹೇಳಿದಳು: “ಭಾಳ ಏನಿಲ್ರಿ. ನಮ್ಮ ಮನಿಯವರನ್ನ ಬೀದಿಗೆ ಬಿಡೂದು, ಉಳಿದದ್ದು ತಾನ ಆಗ್ತದ.”