ಬೋಗುಣಿಗೆ ಕೈ ಹಾಕಿ ನನ್ನ ಮಗಳ ಮದುವೆಯನ್ನೇ ಎತ್ತಿದವರಿಗೆ

ಯುರೋಪಿನ ಕ್ಲಬ್ಬುಗಳ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ಯಾರ ಎದುರು ಯಾರು ಆಡಬೇಕು ಎಂಬುದನ್ನು ಗಾಜಿನ ಬೋಗುಣಿಯಿಂದ ಎತ್ತಿ ತೋರಿಸುವ ಮಾನ್ಯರ ಬಲಗೈಗೆ, ನೇಪಲ್ಸಿನ ಸ್ಟೇಡಿಯಮ್ಮಿನ ಹಿಂದಿನ ಓಣಿಯಲ್ಲಿ ಮೀನು ಕರಿಯುವ ಸಬಾಟೀನೊ ಇಂಪರಾಟೊ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ಇತ್ತ ನಾವೆಲ್ಲ ಕ್ಷೇಮ, ಅತ್ತ ತಮ್ಮ ಕ್ಷೇಮ ತಿಳಿಸಬೇಕು ಎಂದು ಪತ್ರ ಶುರು ಮಾಡುವುದು ವಾಡಿಕೆ. ಇತ್ತ ನಾವು ಅಷ್ಟೇನೂ ಕ್ಷೇಮವಾಗಿಲ್ಲದ ಕಾರಣ ಮತ್ತು ಅದಕ್ಕೆ ತಾವೇ ಕಾರಣರಾದ ಕಾರಣ ಆ ವಾಕ್ಯದ ಮೊದಲರ್ಧವನ್ನು ಬಿಟ್ಟು ಉಳಿದರ್ಧವನ್ನು ಮಾತ್ರ ಕೇಳುತ್ತೇನೆ: ತಮ್ಮ ಆ ಬಲಗೈ ಹೇಗಿದೆ? ಚಳಿಗಾಲದಿಂದ ಈಚೆಗೆ ಟಿವಿಯಲ್ಲಿ ಅದರ ದರ್ಶನ ಮಾಡುತ್ತಲೇ ಬಂದಿದ್ದೇವೆ. ಚೊಕ್ಕವಾದ ಉಗುರು, ಅಂಗಿಯ ತೋಳಿಗೆ ಚಿನ್ನದ ಗುಂಡಿ. ಬೋಗುಣಿಯಲ್ಲಿ ಚೆಂಡುಗಳನ್ನು ಅದು ಕಲಕುವ ರೀತಿಯಂತೂ ನನ್ನ ಹೆಂಡತಿ ನೂನ್ಸಿಯಾ ಹಿಟ್ಟು ಕಲಸುವುದಕ್ಕಿಂತ ನಾಜೂಕು. ಇಂಥ ಕೈಯಿಂದ ಒಂದು ಸಂಸಾರಕ್ಕೆ ಇಷ್ಟೆಲ್ಲ ಆದೀತೆಂದು ನೋಡಿದವರು ಯಾರೂ ಹೇಳಲಾರರು.

ನನ್ನದು ಐದನೇ ಕ್ಲಾಸಿನವರೆಗಿನ ಓದು. ಅದು ಮುಗಿದ ಮಾರನೇ ದಿನವೇ ನಮ್ಮಪ್ಪ ನನ್ನನ್ನು ಬಾಣಲೆಯ ಮುಂದೆ ನಿಲ್ಲಿಸಿದ, ಅಲ್ಲಿಂದ ಇನ್ನೂ ಕದಲಿಲ್ಲ. ಸಣ್ಣ ಮೀನು, ಸಿಗಡಿ ಕರಿದು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುತ್ತೇನೆ. ಆದ್ದರಿಂದ ಈ ಹಾಳೆಯ ಮೇಲೆ ಅಲ್ಲಲ್ಲಿ ಕಲೆ ಕಂಡರೆ ಅದು ಎಣ್ಣೆ ಎಂದು ತಿಳಿಯದೆ ಒಬ್ಬ ತಂದೆಯ ಕಣ್ಣೀರೆಂದು ತಿಳಿದು ಕರಗಬೇಕಾಗಿ ವಿನಂತಿ.

ಈಗ ದೂರಿಗೆ ಬರುತ್ತೇನೆ. ನನಗೆ ಒಬ್ಬಳೇ ಮಗಳು, ಅಸೂಂತಾ. ಅವಳಿಗೂ ಟಿಟ್ಸಿಯಾನೊ ಎಂಬ ಹುಡುಗನಿಗೂ ಹೋದ ಸೆಪ್ಟೆಂಬರಿನಲ್ಲಿ ಮದುವೆಯ ದಿನ ಗೊತ್ತುಮಾಡಿದೆವು. ಹುಡುಗ ಒಳ್ಳೆಯವನು, ಕೊಳಾಯಿ ರಿಪೇರಿ ಮಾಡುತ್ತಾನೆ. ಇರುವ ಒಂದೇ ಚಟ ಎಂದರೆ ಸ್ಟೇಡಿಯಮ್ಮಿನಲ್ಲಿ ಗೋಲಿನ ಹಿಂದಿನ ಮೆಟ್ಟಿಲ ಮೇಲೆ ನಿಂತು ಡೋಲು ಬಾರಿಸುವುದು. ತಂಡ ಎಲ್ಲಿಗೆ ಹೋದರೂ ಇವನೂ ಡೋಲೂ ಹಿಂದೆಯೇ. ನಮ್ಮ ಕಡೆ ಮೇ ತಿಂಗಳಲ್ಲಿ ಮದುವೆ ಮಾಡುವುದಿಲ್ಲ, ಅದು ಮೇರಿ ಮಾತೆಯ ತಿಂಗಳು. ಮಂಗಳವಾರ ಆಗದು, ಶುಕ್ರವಾರವೂ ಆಗದು. ಹೀಗಾಗಿ ಜೂನಿನ ಮೊದಲ ಶನಿವಾರಕ್ಕೆ ಇಡೀ ಊರೇ ಮುಗಿಬೀಳುತ್ತದೆ. ಅಂಥ ಶನಿವಾರ ನಮಗೆ ಚರ್ಚೂ ಸಿಕ್ಕಿತು, ಗುಡ್ಡದ ಮೇಲೆ ಊರೆಲ್ಲ ಕಾಣುವ ಬಾಲ್ಕನಿ ಇರುವ ಛತ್ರವೂ ಸಿಕ್ಕಿತು. ನೂನ್ಸಿಯಾ ಖುಷಿಗೆ ಅತ್ತಳು.

ಅವತ್ತು ಊಟಕ್ಕೆ ಕೂತಾಗ ಎದುರು ಮನೆಯ ಕ್ಷೌರಿಕ ಅನ್ಯೆಲ್ಲೊ ಚಮಚ ಕೆಳಗಿಟ್ಟು ಕೇಳಿದ, "ಸಬಾಟೀ, ಅವತ್ತು ಸಾಯಂಕಾಲ ಯುರೋಪಿನ ಕಡೇ ಪಂದ್ಯ ಅಲ್ವೇನೋ?"

ನಾನು ಏನು ಹೇಳಬೇಕಿತ್ತು ಎಂದು ಈಗ ಗೊತ್ತು, ಏನೂ ಹೇಳಬಾರದಿತ್ತು. ಆದರೆ ಹೇಳಿದೆ. "ಅದಕ್ಕೂ ನಮಗೂ ಏನಯ್ಯಾ ಸಂಬಂಧ? ನಮ್ಮೋರು ಅಲ್ಲೀತಂಕ ಹೋದ್ರೆ ಬಾಣಲೆ ತಲೆ ಮೇಲೆ ಇಟ್ಕೊಂಡು ಮಗಳನ್ನ ಚರ್ಚಿಗೆ ಕರ್ಕೊಂಡ್ ಬರ್ತೀನಿ." ಎಲ್ಲರೂ ನಕ್ಕರು. ಅನ್ಯೆಲ್ಲೊ ಮಾತ್ರ ನಗದೆ ಜೇಬಿನ ಬೀಗದಕೈ ಮುಟ್ಟಿಕೊಂಡ. ನಮ್ಮ ಓಣಿಯಲ್ಲಿ ಶಕುನಗಳ ಲಾಯರು, ಜಡ್ಜು ಎರಡೂ ಅವನೇ. ಅಪಶಕುನದ ಮಾತು ಕಿವಿಗೆ ಬಿದ್ದರೆ ಕಬ್ಬಿಣ ಮುಟ್ಟಬೇಕು, ಅದು ಅವನ ಮೊದಲ ಕಾಯಿದೆ.

ಚಳಿಗಾಲದಲ್ಲಿ ಸೋತವರು ಮನೆಗೆ ಹೋಗುವ ಸುತ್ತುಗಳು ಶುರುವಾದವು, ತಾವು ಬೋಗುಣಿಗೆ ಕೈ ಹಾಕಿದಿರಿ, ನಮಗೆಂದು ಜರ್ಮನಿಯ ದೈತ್ಯರನ್ನು ಎತ್ತಿದಿರಿ. ಮಾನ್ಯರೇ, ಆವತ್ತು ತಮ್ಮ ಕೈಗೆ ಮುತ್ತಿಡಬೇಕು ಅನಿಸಿತ್ತು. ನನ್ನ ಮಗಳ ಶನಿವಾರವನ್ನು ಕಾಪಾಡಲೆಂದೇ ಎತ್ತಿದಂತಿತ್ತು ಆ ಚೆಂಡು. ಅವರೂರಿನಲ್ಲಿ ನಡೆದ ಮೊದಲ ಪಂದ್ಯದಲ್ಲಿ ನಾವು ಮರ್ಯಾದೆಯಿಂದ ಸೋತು ಬಂದೆವು. ನಮ್ಮೂರಿನ ಎರಡನೇ ಪಂದ್ಯದಲ್ಲೂ ಸೋಲುತ್ತಾ ಇದ್ದೆವು. ನಮ್ಮ ಮನೆಯ ಟಿವಿಯ ಮುಂದೆ ಓಣಿಯೆಲ್ಲ ಸೇರಿ ಮುಖ ಇಳಿಬಿಟ್ಟುಕೊಂಡು ಕೂತಿತ್ತು. ಆಗ ನನ್ನ ಅತ್ತೆ ರಾಕೆಲೆ ಒಣಹಾಕಿದ ಬಟ್ಟೆ ತರಲು ಬಾಲ್ಕನಿಗೆ ಹೋದಳು. ಗೋಲ್. ಒಳಗೆ ಬಂದಳು, ಎದುರಾಳಿಯ ಚೆಂಡು ನಮ್ಮ ಗೋಲಿನ ಕಂಬಕ್ಕೆ ಬಡಿಯಿತು. ಅನ್ಯೆಲ್ಲೊ ಎದ್ದು ನಿಂತು ಕೈ ಮುಗಿದ. "ಅಜ್ಜೀ, ದಮ್ಮಯ್ಯ, ಇನ್ನೊಂದ್ಸಲ ಆಚೆ ಹೋಗಿ."

"ಬಟ್ಟೆ ಎಲ್ಲಾ ತಂದಾಯ್ತಲ್ಲೋ."

"ವಾಪಸ್ ಒಣಹಾಕಿ."

ಹಾಕಿದಳು. ಇನ್ನೆರಡು ಗೋಲು ಬಂದವು. ಎರಡೂ ಪಂದ್ಯದ ಗೋಲು ಕೂಡಿಸಿದ ಲೆಕ್ಕದಲ್ಲಿ ಜರ್ಮನರು ಮನೆಗೆ ಹೋದರು, ಅತ್ತೆ ಮಾತ್ರ ಅಂದಿನಿಂದ ಮನೆಯೊಳಗೆ ಬರಲಾಗದವಳಾದಳು. ಪಂದ್ಯವಿದ್ದಾಗಲೆಲ್ಲ ಬಾಲ್ಕನಿಯಲ್ಲಿ ಅವಳಿಗೆ ಒಂದು ಕುರ್ಚಿ, ಒಂದು ಕಂಬಳಿ, ಒಂದು ಬಟ್ಟಲು ಸೂಪು. ಅತ್ತೆಯನ್ನು ಆಚೆ ಕೂರಿಸಿ ಅಳಿಯ ಬಾಗಿಲು ಹಾಕಿಕೊಂಡ ಎಂದು ಊರು ಆಡಿಕೊಂಡಿತು. ನನ್ನ ಮನಸ್ಸಿನಲ್ಲಿ ಅಂಥದ್ದೇನೂ ಇರಲಿಲ್ಲ ಎಂದು ಬರೆದರೆ ತಾವು ನಂಬುತ್ತೀರೋ ಇಲ್ಲವೋ, ನೂನ್ಸಿಯಾ ನಂಬಲಿಲ್ಲ.

ಮುಂದಿನ ಸುತ್ತಿಗೆ ತಾವು ಮತ್ತೆ ದಯಮಾಡಿಸಿ ಸ್ಪೇನಿನವರನ್ನು ಎತ್ತಿದಿರಿ. ಅವರ ಬೀರುವಿನಲ್ಲಿ ಕಪ್ಪುಗಳನ್ನು ಇಡಲು ಜಾಗವಿಲ್ಲ, ಅಷ್ಟು ಗೆದ್ದವರು. ಆ ದಿನ ಜಡಿಮಳೆ. ಅತ್ತೆ ಛತ್ರಿ ಹಿಡಿದು ಕೂತೇ ಇದ್ದಳು, ನಾವು ಗೆದ್ದೇಬಿಟ್ಟೆವು. ಆಗ ನೂನ್ಸಿಯಾ ಎಲ್ಲರ ಮನಸ್ಸಿನಲ್ಲಿದ್ದ ಮಾತನ್ನು ಹೊರಗೆ ತಂದಳು. "ಮದುವೇನ ಒಂದು ವಾರ ಮುಂದಕ್ಕೆ ಹಾಕ್ಬಿಡೋಣ ಕಣ್ರೀ, ಛತ್ರದೋರು ಒಪ್ತಾರೆ."

ರೂಮಿನವರೆಲ್ಲ ಕಬ್ಬಿಣ ಹುಡುಕಿದರು. ಒಬ್ಬ ಕಿಟಕಿಯ ಸರಳು ಮುಟ್ಟಿದ, ಒಬ್ಬ ಬಾಗಿಲ ಚಿಲಕ, ನಾನು ಬಾಣಲೆ. ಅನ್ಯೆಲ್ಲೊ ಮೆಲ್ಲಗೆ ಹೇಳಿದ, "ಅತ್ತಿಗೆ, ಈ ಮಾತು ನೀವು ಆಡಿಲ್ಲ, ನಾವು ಕೇಳಿಲ್ಲ. ಮುಂದಕ್ಕೆ ಹಾಕೋದು ಅಂದ್ರೆ ಏನು? ನಮ್ಮೋರು ಅಲ್ಲಿಗೆ ಹೋಗೇ ಹೋಗ್ತಾರೆ ಅಂತ ನಾವೇ ಡಂಗುರ ಹೊಡ್ದಂಗೆ. ಹೊಡೆದ್ವೋ, ಅಲ್ಲಿಗೆ ಮುಗೀತು."

ಮಾನ್ಯರೇ, ತಾವು ಸ್ವಿಟ್ಜರ್ಲೆಂಡಿನ ಕೆರೆಯ ದಂಡೆಯಲ್ಲಿ ಕೂತವರು, ತಮಗೆ ಇದು ತಮಾಷೆ ಅನಿಸಬಹುದು. ಆದರೆ ನಮ್ಮ ಪಾಡು ಯೋಚಿಸಿ. ಸೋತರೆ ಮದುವೆಯ ದಿನ ಬದಲಿಸುವ ಅಗತ್ಯವೇ ಇಲ್ಲ. ಗೆಲ್ಲಬೇಕಾದರೆ ಬದಲಿಸುವಂತೆಯೇ ಇಲ್ಲ. ಗೆದ್ದ ಮೇಲೆ ಬದಲಿಸೋಣವೆಂದರೆ ಅಷ್ಟು ಹೊತ್ತಿಗೆ ಜೂನಿನ ಶನಿವಾರಗಳೆಲ್ಲ ಬೇರೆಯವರ ಪಾಲು. ತಾವು ಬೋಗುಣಿಯೊಳಗೆ ಚೆಂಡು ಹಾಕಿ ಮುಚ್ಚಿದ ಹಾಗೆ ನಮ್ಮನ್ನೂ ಹಾಕಿ ಮುಚ್ಚಿದ್ದಿರಿ. ಅನ್ಯೆಲ್ಲೊನ ಬಾಯಿಂದ ಬಂದದ್ದು ಬಿಟ್ಟರೆ ಆ ಪಂದ್ಯದ ಹೆಸರನ್ನು ಈ ಪತ್ರದಲ್ಲೂ ನಾನು ಬರೆಯುತ್ತಿಲ್ಲ, ಗಮನಿಸಿರಬಹುದು. ಬರೆಯುತ್ತಿರುವುದು ಬಲಗೈ, ಎಡಗೈ ಕೊರಳಿನ ತಾಯಿತವಾದ ಹವಳದ ಕೊಂಬನ್ನು ಹಿಡಿದುಕೊಂಡಿದೆ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆದರೆ ಅಸೂಂತಾ ಒಂದು ದಿನ ಟಿಟ್ಸಿಯಾನೊನನ್ನು ಎಲ್ಲರ ಎದುರಿಗೇ ಕೇಳಿಬಿಟ್ಟಳು. "ಅವತ್ತು ನಮ್ಮೋರೂ ಅಲ್ಲಿ ಇದ್ರೆ, ನೀನೆಲ್ಲಿರ್ತೀಯ? ಚರ್ಚಲ್ಲೋ, ಡೋಲಿನ ಜೊತೆಗೋ?"

ಹುಡುಗ ಬೆವರಿದ. "ಆ ಪ್ರಶ್ನೆಗೆ ಉತ್ತರ ಕೊಡೋದೇ ಅಪಶಕುನ ಕಣೇ."

"ಸರಿ, ಕೊಡಬೇಡ" ಎಂದು ಎದ್ದುಹೋದಳು. ಅಂದಿನಿಂದ ದರ್ಜಿಯ ಅಂಗಡಿಗೆ ಅಳತೆ ನೋಡಲು ಹೋಗುವುದನ್ನೇ ಬಿಟ್ಟಳು. ಅವಳ ಬಿಳಿ ಉಡುಪು ಅಂಗಡಿಯ ಗೊಂಬೆಯ ಮೈಮೇಲೆ ನಿಂತೇ ಇತ್ತು. ಅದರ ಮುಂದೆ ಹಾದುಹೋಗುವಾಗ ನಾನು ಆಚೆ ಮುಖ ಮಾಡುತ್ತಿದ್ದೆ. ಮೀನು ಕೊಳ್ಳುವವರಿಗೆ ನನ್ನ ನಗೆಚಾಟಿಕೆ ಪುಕ್ಕಟೆ ಸಿಗುತ್ತದೆ, ಆ ವಾರಗಳಲ್ಲಿ ಬರೀ ಮೀನು ಸಿಕ್ಕಿತು.

ಆಮೇಲೆ, ಆ ಪಂದ್ಯಕ್ಕೆ ಒಂದೇ ಮೆಟ್ಟಿಲು ಉಳಿದಿರುವಾಗ, ತಾವು ಇಂಗ್ಲೆಂಡಿನವರನ್ನು ಎತ್ತಿದಿರಿ. ಅವರೂರಿನಲ್ಲಿ ಸಮ, ನಮ್ಮೂರಿನಲ್ಲೂ ಸಮ, ಹೆಚ್ಚುವರಿ ಆಟದಲ್ಲೂ ಸಮ. ಕೊನೆಗೆ ಪೆನಾಲ್ಟಿ ಒದೆತಗಳು. ನಮ್ಮ ಮನೆಯಲ್ಲಿ ಒಂದು ತೊಡಕಿದೆ. ಸ್ಟೇಡಿಯಮ್ಮು ಪಕ್ಕದಲ್ಲೇ ಇರುವುದರಿಂದ ಅಲ್ಲಿಯ ಕೂಗು ಬಾಲ್ಕನಿಗೆ ಮೊದಲು ಬರುತ್ತದೆ, ಟಿವಿಯಲ್ಲಿ ಅದೇ ಒದೆತ ಸ್ವಲ್ಪ ತಡವಾಗಿ ಬರುತ್ತದೆ. ಮುಂಚೆಯೇ ತಿಳಿಯಬಾರದೆಂದು ಅನ್ಯೆಲ್ಲೊ ಬಾಲ್ಕನಿಯ ಗಾಜಿನ ಬಾಗಿಲು ಮುಚ್ಚಿಸಿದ್ದ. ಅತ್ತೆ ಆಚೆ, ನಾವು ಈಚೆ. ಇನ್ನು ಒಂದೇ ಒದೆತ, ಅದು ನಮ್ಮದು, ಹೊಡೆದರೆ ಮುಗಿಯಿತು. ಆಗ ಅಸೂಂತಾ ಒಳಕೋಣೆಯಿಂದ ಬಂದು, ಯಾರ ಮುಖವನ್ನೂ ನೋಡದೆ, ಗಾಜಿನ ಬಾಗಿಲು ತೆಗೆದು ಬಾಲ್ಕನಿಗೆ ಹೋಗಿ ಬಾಗಿಲನ್ನು ಹಿಂದಿನಿಂದ ಎಳೆದುಕೊಂಡಳು.

ನಮಗೆಲ್ಲ ಅರ್ಥವಾಯಿತು. ಅಜ್ಜಿಯನ್ನು ಒಳಗೆ ಕರೆತಂದರೆ ಸಾಕು, ತಿಂಗಳುಗಳಿಂದ ಕಾಪಾಡಿದ ಶಕುನ ಒಡೆಯುತ್ತದೆ, ಅವಳ ಶನಿವಾರ ಅವಳಿಗೆ ಉಳಿಯುತ್ತದೆ. ಅನ್ಯೆಲ್ಲೊ ಎದ್ದ. ನಾನು ಅವನ ಅಂಗಿ ಹಿಡಿದು ಕೂರಿಸಿದೆ. ಯಾಕೆ ಹಾಗೆ ಮಾಡಿದೆನೆಂದು ಕೇಳಬೇಡಿ. ಅವಳ ಮದುವೆ ಅದು, ಒಡೆಯುವುದಿದ್ದರೆ ಒಡೆಯಲಿ ಅನಿಸಿತು.

ಆಚೆ ಏನಾಯಿತೆಂಬುದನ್ನು ಅತ್ತೆ ಆಮೇಲೆ ಇಡೀ ಓಣಿಗೆ ಹೇಳಿದಳು. ಅವಳೇ ಕೈ ಚಾಚಿ, "ಎಬ್ಬಿಸು ನನ್ನ, ಒಳಗೆ ಹೋಗೋಣ. ಒಂದು ಬಾಲು ಆಚೆ ಹೋದ್ರೆ ಯಾರೂ ಸಾಯಲ್ಲ ಪುಟ್ಟೀ" ಅಂದಳಂತೆ. ಅಸೂಂತಾ ಸುಮ್ಮನೆ ನೆಲದ ಮೇಲೆ ಕೂತು ಅಜ್ಜಿಯ ಕಂಬಳಿಯ ಅರ್ಧವನ್ನು ತನ್ನ ಹೆಗಲಿಗೆ ಎಳೆದುಕೊಂಡು, "ಇಲ್ಲೇ ಇರು ಅಜ್ಜೀ. ಒಳಗಿರೋರ ಮುಖ ನೋಡು ಒಂದ್ಸಲ. ಎಲ್ಲಾ ಮಕ್ಕಳ ಥರ ಕೂತಿದಾರೆ" ಅಂದಳಂತೆ.

ನಮಗೆ ಕಂಡದ್ದು ಗಾಜಿನ ಆಚೆಯ ಎರಡು ಬೆನ್ನು ಮಾತ್ರ. ಟಿವಿಯಲ್ಲಿ ನಮ್ಮ ಹುಡುಗ ಇನ್ನೂ ಚೆಂಡನ್ನು ನೆಲದ ಮೇಲೆ ಇಡುತ್ತಿದ್ದ. ಆಚೆ ಅತ್ತೆ ಕಂಬಳಿ ಬಿಸಾಕಿದಳು, ನನ್ನ ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೋ, ನಗುತ್ತಿದ್ದಾಳೋ, ಗೆದ್ದೆವೋ, ಸೋತೆವೋ, ಒಳಗೆ ಯಾರಿಗೂ ತಿಳಿಯಲಿಲ್ಲ. ಟಿವಿಯ ಹುಡುಗ ಓಡಿ ಬಂದು ಒದ್ದಾಗ ನಮ್ಮಲ್ಲಿ ಅರ್ಧ ಜನ ಅವಳ ಬೆನ್ನನ್ನೇ ನೋಡುತ್ತಿದ್ದೆವು.

ಚೆಂಡು ಒಳಗೆ ಹೋಯಿತು.

ಟಿಟ್ಸಿಯಾನೊ ಸ್ಟೇಡಿಯಮ್ಮಿನಿಂದ ನೇರವಾಗಿ ಬಂದ. ಊರೆಲ್ಲ ಕುಣಿಯುತ್ತಿದ್ದರೆ ಇವನು ನಮ್ಮ ಮೆಟ್ಟಿಲು ಹತ್ತಿ ಡೋಲನ್ನು ಅಸೂಂತಾಳ ಕಾಲ ಬಳಿ ಇಟ್ಟ. ಗಂಟಲು ಕೂತುಹೋಗಿತ್ತು. "ಚರ್ಚಲ್ಲಿರ್ತೀನಿ. ಇದನ್ನ ನೀನೇ ಬಚ್ಚಿಡು, ನನಗೆ ಜಾಗ ಹೇಳಬೇಡ." ಮಾರನೇ ದಿನ ಅವಳು ದರ್ಜಿಯ ಅಂಗಡಿಗೆ ಹೋದಳು.

ಇನ್ನು ಅನ್ಯೆಲ್ಲೊನ ತೀರ್ಪು. ಬೆಳಿಗ್ಗೆ ಓಣಿಯವರನ್ನೆಲ್ಲ ತನ್ನ ಅಂಗಡಿಯಲ್ಲಿ ಸೇರಿಸಿ, ಕತ್ತರಿ ಕೈಯಲ್ಲಿ ಹಿಡಿದೇ ಹೇಳಿದ. "ಈ ಮದುವೆ ಗೊತ್ತಾದ ಮೇಲೇ ನಮ್ಮೋರು ಗೆಲ್ಲಕ್ಕೆ ಶುರು ಮಾಡಿದ್ದು. ಅಂದ್ರೆ ಮದುವೆಯಿಂದಾನೇ ಗೆದ್ದಿದ್ದು. ಇನ್ನು ಅದನ್ನ ಒಂದು ಗಂಟೆ ಆಚೀಚೆ ಮಾಡಿದೋನು ಈ ಊರಲ್ಲಿ ತಲೆಕೂದಲು ಕತ್ತರಿಸಿಕೊಳ್ಳೋ ಹಂಗಿಲ್ಲ." ಹೀಗಾಗಿ ಆ ಶನಿವಾರ ನೆಂಟರು ಬರುತ್ತಾರೋ ಇಲ್ಲವೋ ಎಂದು ಹೆದರಿದ್ದ ನಮಗೆ ಈಗ ಕರೆಯದವರೂ ಬರುತ್ತಿದ್ದಾರೆ. ಡೋಲಿನ ಗೆಳೆಯರು ಮದುಮಗನನ್ನು ಚರ್ಚಿನವರೆಗೆ ಕಾವಲಿನಲ್ಲಿ ತರುತ್ತಾರಂತೆ, ಅಪ್ಪಿತಪ್ಪಿ ಅವನು ಪಂದ್ಯಕ್ಕೆ ಹೋಗಿಬಿಟ್ಟರೆ ಎಂಬ ಭಯ ಈಗ ಅವರಿಗೆ.

ಅಸೂಂತಾ ಒಂದು ಷರತ್ತು ಹಾಕಿದಳು. ಕೇಕು ಕತ್ತರಿಸುವ ತನಕ ಛತ್ರದಲ್ಲಿ ಟಿವಿ ಇಲ್ಲ, ಫೋನುಗಳೆಲ್ಲ ಬಾಗಿಲಲ್ಲಿ ಒಂದು ಬುಟ್ಟಿಗೆ. "ನೋಡೋದಿದ್ರೆ ನನ್ನ ನೋಡಿ. ಸುದ್ದಿ ಬೇಕಾದ್ರೆ ಅಜ್ಜಿ ಬಾಲ್ಕನೀಲಿ ಇರ್ತಾರೆ, ಊರು ಕೂಗಿದ್ದು ಕೇಳಿಸ್ಕೊಂಡು ಹೇಳ್ತಾರೆ." ಎಲ್ಲರೂ ಒಪ್ಪಿದರು. ನಾನು ಮಾತ್ರ, ನನ್ನ ಬಾಣಲೆಯ ಮಾತನ್ನು ಯಾರಾದರೂ ನೆನಪಿಟ್ಟಿದ್ದಾರೆಯೇ ಎಂದು ಕೇಳಿದೆ. "ತೊಳ್ಕೊಂಡು ಬಾ ಅಪ್ಪಾ, ನನ್ನ ಬಟ್ಟೆ ಬಿಳೀದು" ಅಂದಳು.

ಆದ್ದರಿಂದ ಮಾನ್ಯರೇ, ಈ ಪತ್ರದ ಮೂಲಕ ನಾನು ಕೇಳುವುದು ಬಹಳ ಕಡಿಮೆ. ಆ ಸಂಜೆಯ ತೀರ್ಪುಗಾರರಿಗೆ ಹೇಳಿ ಆಟದ ಮೊದಲರ್ಧವನ್ನು ಮೀನಿನ ಊಟ ಬಡಿಸುವವರೆಗೆ ಎಳೆಯಿಸಿ, ವಿರಾಮವನ್ನು ಮಾಂಸದ ಊಟದ ಹೊತ್ತಿಗೆ ಸರಿಯಾಗಿ ಇಡಿಸಿ, ಅಪ್ಪ ಮಗಳು ಕುಣಿಯುವಾಗ ಯಾವ ತಂಡವೂ ಗೋಲು ಹೊಡೆಯದಂತೆ ನೋಡಿಕೊಂಡರೆ ಸಾಕು. ಪೆನಾಲ್ಟಿ ಒದೆತಗಳು ಬೇಡವೇ ಬೇಡ, ಅತ್ತೆಯ ಕಿವಿ ಚುರುಕಾಗಿದೆ, ಎದೆ ಅಷ್ಟು ಗಟ್ಟಿಯಿಲ್ಲ. ಯಾರು ಗೆಲ್ಲಬೇಕೆಂದು ನಾನು ಬರೆಯುವುದಿಲ್ಲ, ಯಾಕೆಂದು ತಮಗೀಗ ಗೊತ್ತು. ಬರುವ ವರ್ಷ ಬೋಗುಣಿಗೆ ಕೈ ಹಾಕುವ ಮುಂಚೆ ಯಾವ ಊರಿನಲ್ಲಿ ಯಾರ ಮಗಳ ಮದುವೆ ಯಾವತ್ತು ಇದೆ ಎಂದು ಒಮ್ಮೆ ವಿಚಾರಿಸಿಕೊಂಡರೆ ತಮ್ಮ ಕೈಗೂ ಶ್ರೇಯಸ್ಸು.

ತಾವೂ ದಯಮಾಡಿ ಮದುವೆಗೆ ಬರಬೇಕು. ಇಷ್ಟೆಲ್ಲ ಮಾಡಿದವರು ಬರದಿದ್ದರೆ ಚೆನ್ನಾಗಿರುವುದಿಲ್ಲ. ತಮ್ಮ ಕುರ್ಚಿಯನ್ನು ಬಾಲ್ಕನಿಯಲ್ಲಿ ಅತ್ತೆಯ ಪಕ್ಕ ಹಾಕಿಸಿದ್ದೇನೆ. ಕಂಬಳಿ ಅಗಲವಾಗಿದೆ, ಇಬ್ಬರಿಗೂ ಸಾಲುತ್ತದೆ.

ತಲೆಯ ಮೇಲೆ ಬಾಣಲೆ ಹೊತ್ತು ತಮ್ಮ ದಾರಿ ಕಾಯುವ,
ತಮ್ಮ ವಿಶ್ವಾಸಿ,
ಸಬಾಟೀನೊ ಇಂಪರಾಟೊ

ಮರೆತ ಮಾತು: ಛತ್ರದ ಬಾಗಿಲಲ್ಲಿ ಬಂದವರಿಗೆ ಹಂಚಲು ಸಕ್ಕರೆ ಹಚ್ಚಿದ ಬಾದಾಮಿಯನ್ನು ಗಾಜಿನ ಬೋಗುಣಿಯಲ್ಲಿ ಇಟ್ಟಿರುತ್ತಾರೆ. ತಾವು ದಯವಿಟ್ಟು ಅದರೊಳಗೆ ಕೈ ಹಾಕಬಾರದು. ತಮಗೆಂದೇ ಅನ್ಯೆಲ್ಲೊ ಚಮಚ ಹಿಡಿದು ನಿಂತಿರುತ್ತಾನೆ, ಅವನೇ ಬಡಿಸುತ್ತಾನೆ.